ಬಣ್ಣ ನಂದು, ಕೊಳೆ ಘಾಟಿಂದು

ನನ್ನ ಆಟದ ರೈಲಿನ ಲೇಔಟ್, ಅಂದ್ರೆ ಹಳಿ, ಬೆಟ್ಟ ಎಲ್ಲಾ ಇರೋ ಮಾಡೆಲ್ ರೈಲ್ವೆ, ಎಚ್‌ಓ ಸ್ಕೇಲ್‌ದು, 1:87, ಅಸಲಿಗಿಂತ 87 ಪಟ್ಟು ಚಿಕ್ಕದು. ಜಾಗ ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ತರ, ಆದ್ರೆ ರೈಲ್ವೆ ಪೂರ್ತಿ ನನ್ನ ಕಲ್ಪನೆದು, ಹಂಗಾಗಿ ಎಂಜಿನ್‌ಗೆ ಯಾವ ಬಣ್ಣ ಬೇಕಾದ್ರೂ ಹೊಡೀಬಹುದು, ನಾನು ಕಡು ಹಸಿರಿಗೆ ಹಳದಿ ಪಟ್ಟಿ ಇಟ್ಟೆ. ಎಂಜಿನ್ ಅಮೆರಿಕದ ಆಲ್ಕೋ ಕಂಪನಿ ಎಂಜಿನ್ನಿನ ಮಾಡೆಲ್ಲು, ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಕೂಡ 1962ರಲ್ಲಿ ಆಲ್ಕೋದಿಂದಾನೇ ಬಂದಿದ್ದಲ್ವಾ, ಒಂದೇ ಮನೆತನ.

ಬಾಡಿ ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಟೂತ್‌ಬ್ರಶ್‌ನಲ್ಲಿ ಉಜ್ಜಿ ಹಳೇ ಪೇಂಟ್ ತೆಗೆದೆ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದ್ಮೇಲೆ ಬರಿಗೈಲಿ ಮುಟ್ಟಲೇ ಇಲ್ಲ, ಬೆರಳಿನ ಜಿಡ್ಡಿದ್ರೆ ಪ್ರೈಮರ್, ಅಂದ್ರೆ ಪೇಂಟ್‌ಗೆ ಮುಂಚೆ ಹೊಡೆಯೋ ತಳದ ಕೋಟ್, ಹಿಡಿಯಲ್ಲ. ಗ್ರೇ ಪ್ರೈಮರ್, ಹಳದಿ, ಪಟ್ಟಿ ಮೇಲೆ ಮಾಸ್ಕಿಂಗ್ ಟೇಪ್, ಆಮೇಲೆ ಹಸಿರು. ಹಸಿರಿನ ಮೇಲೆ ಹಳದಿ ಹೊಡೆಯೋಕೆ ಹೋದ್ರೆ ಎಷ್ಟು ಕೋಟ್ ಆದ್ರೂ ಮಂಕೇ. ಗಾಳಿಯಿಂದ ಪೇಂಟ್ ಸಿಂಪಡಿಸೋ ಏರ್‌ಬ್ರಶ್‌ಗೆ 15–20 ಪಿಎಸ್‌ಐ ಒತ್ತಡ ಸಾಕು. ಹಸಿರಿಗೆ ಒಂಚೂರು ಬಿಳಿ ಬೆರೆಸಿದೆ, ಅಷ್ಟು ಸಣ್ಣ ಎಂಜಿನ್ ಮೇಲೆ ಅಸಲಿ ಬಣ್ಣ ಕಪ್ಪು ಹೊಡೆಯತ್ತೆ. ಹೊಳಪಿನ ಗ್ಲಾಸ್ ಕೋಟ್, ಅಕ್ಷರ-ನಂಬರಿನ ಸ್ಟಿಕ್ಕರ್ ತರದ ಡೆಕಾಲ್, ಹೊಳಪು ತೆಗೆಯೋ ಮ್ಯಾಟ್ ಕೋಟ್, ಅಲ್ಲಿಗೆ ಪೇಂಟ್ ಮುಗೀತು.

ವೆದರಿಂಗ್‌ಗೆ, ಅಂದ್ರೆ ಬಿಸಿಲು ಮಳೇಲಿ ಓಡಾಡಿದಂಗೆ ಕೊಳೆ ತುಕ್ಕು ಬರೆಯೋಕೆ, ಮಾತ್ರ ಕಲ್ಪನೆ ನಡೆಯಲ್ಲ, ಪ್ರತಿ ಕಲೆಗೂ ಕಾರಣ ಬೇಕು. ಆ ಘಾಟಲ್ಲಿ 50ಕ್ಕೆ 1ರ ಇಳಿಜಾರು, ಗಾಡಿ ಬ್ರೇಕ್ ಹಿಡ್ಕೊಂಡೇ ಇಳಿಯೋದು, ಬ್ರೇಕ್ ಧೂಳು ತುಕ್ಕಾಗಿ ಬೋಗಿ (ಡಬ್ಬಿ ಅಲ್ಲ, ಎಂಜಿನ್ ಕೆಳಗಿನ ಚಕ್ರದ ಚೌಕಟ್ಟು) ಎಲ್ಲಾ ಕಂದು. ಆಲ್ಕೋ ಏರಲ್ಲಿ ಕರೀ ಹೊಗೆ ಉಗುಳತ್ತೆ, ಅದಕ್ಕೆ ಮಸಿ ಹೊಗೆಕೊಳವೆ ಸುತ್ತ ದಟ್ಟ, ಹಿಂದಕ್ಕೆ ಹೋಗ್ತಾ ತೆಳು. ಮಳೆ ಬಿದ್ದು ಕೊಳೆ ಇಳಿಯೋದು ನೆಟ್ಟಗೆ ಕೆಳಕ್ಕೆ. ಬಾಗಿಲ ಹಿಂಜ್ ಕೆಳಗೆ ಸೂಜಿಮೊನೆಯಷ್ಟು ಕಂದು ಆಯಿಲ್ ಪೇಂಟ್ ಇಟ್ಟು, ಟರ್ಪೆಂಟೈನ್ ಒದ್ದೆ ಮಾಡಿ ಒರೆಸಿದ ಚಪ್ಪಟೆ ಬ್ರಶ್‌ನಲ್ಲಿ ಕೆಳಕ್ಕೆ ಎಳೆದೆ, ಎರಡನೇ ಎಳೆತಕ್ಕೆ ಗೆರೆ ಕರಗಿ ಬರೀ ನೆರಳುಳಿಯತ್ತೆ, ಅಲ್ಲಿಗೆ ನಿಲ್ಲಿಸ್ಬೇಕು.

ಎಡವಿದ್ದು ಒಂದು ಕಡೆ. ಮ್ಯಾಟ್ ಕೋಟ್ ಮೇಲೆ ಇಂಡಿಯನ್ ಇಂಕ್ ಅನ್ನೋ ಕಪ್ಪು ಶಾಯಿ ಮತ್ತು ಆಲ್ಕೋಹಾಲ್ ಬೆರೆಸಿ ವಾಶ್, ಅಂದ್ರೆ ನೀರಾದ ತೆಳು ಬಣ್ಣ, ಕೊಟ್ಟೆ, ಹತ್ತು ನಿಮಿಷಕ್ಕೆ ಇಡೀ ಬಾಡಿ ವಿಭೂತಿ ಬಳಿದಂಗೆ ಬೆಳ್ಳಗಾಯ್ತು, ಎದೆ ಧಸಕ್ ಅಂತು. ಆಲ್ಕೋಹಾಲ್‌ಗೂ ಆ ಮ್ಯಾಟ್ ಕೋಟ್‌ನ ಲ್ಯಾಕರ್‌ಗೂ ಆಗಿಬರಲ್ಲ. ರಾತ್ರಿಯಿಡೀ ಒಣಗಿಸಿ ಮೇಲೊಂದು ತೆಳು ಮ್ಯಾಟ್ ಕೋಟ್ ಕೊಟ್ಟಾಗ ಬಿಳಿ ಹೋಗಿ ಹಸಿರು ವಾಪಸ್ ಬಂತು.

ಕೊನೇಲಿ ಮಣ್ಣು. ದೋಣಿಗಲ್ ಸ್ಟೇಷನ್ ಹತ್ರದ ಕೆಂಪು ಮಣ್ಣು ಒಂದು ಚಿಟಿಕೆ ಪೇಪರಲ್ಲಿ ಕಟ್ಕೊಂಡು ಬಂದಿದ್ದೆ, ಹಚ್ಚೋಕಲ್ಲ, ಹರಳು ಗೇರ್‌ಗೆ ಹೋದ್ರೆ ಕಷ್ಟ, ಬಣ್ಣ ಹೊಂದಿಸೋಕೆ. ಪಾಸ್ಟಲ್ ಕಡ್ಡಿ ಬ್ಲೇಡಲ್ಲಿ ಕೆರೆದು ಅದೇ ಕೆಂಪು ಬರೋವರೆಗೂ ಬೆರೆಸಿ ಬೋಗಿಗೆ, ಮೆಟ್ಟಿಲಿಗೆ ಹಚ್ಚಿದೆ. ಮ್ಯಾಟ್ ಹೊಡೆದ್ರೆ ಪುಡಿ ಅರ್ಧ ಮಾಯ ಆಗತ್ತೆ, ಇನ್ನೊಂದ್ಸಲ ಹಚ್ಚಿ. ಎರಡನೇ ಎಂಜಿನ್ ಈಗ ಟೇಬಲ್ ಮೇಲಿದೆ, ಅದು ಶೆಡ್‌ನಿಂದ ಈಗಷ್ಟೇ ಬಂದಿದ್ದು ಅಂತ ಲೆಕ್ಕ, ಬೋಗಿಗೆ ಮಾತ್ರ ಧೂಳು.