ಊಟ ಶುರುವಾದ ಮೇಲೆ ಮಗು ಬಾಟಲಿ ಹಾಲು ಬಿಟ್ಟಾಗ ನಾವು ಮಾಡಿದ್ದು

ಆರು ತಿಂಗಳು ತುಂಬಿ ಅನ್ನಪ್ರಾಶನ ಮುಗಿದ ಎರಡು ಮೂರು ವಾರಕ್ಕೆ ಬಾಟಲಿ ಕಂಡರೆ ಮುಖ ತಿರುಗಿಸುವ ಮಕ್ಕಳು ಬಹಳ. ನಮ್ಮ ಮಗುವೂ ಅದೇ ಸಾಲಿಗೆ ಸೇರಿತು. ದಿನಕ್ಕೆ 800 ಮಿಲಿ ಡಬ್ಬದ ಹಾಲು ಕುಡಿಯುತ್ತಿದ್ದದ್ದು ಹತ್ತೇ ದಿನದಲ್ಲಿ 420ಕ್ಕೆ ಇಳಿಯಿತು. ಮನೆಯಲ್ಲಿ ದೃಷ್ಟಿಯಾಗಿದೆ ಅಂದರು, ಹಲ್ಲು ಬರುತ್ತಿದೆ ಅಂದರು, ಪೌಡರ್ ಬದಲಿಸಿ ಅಂದರು. ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ. ಹಾಲಿಗೆ ಇರಬೇಕಾದ ಜಾಗದಲ್ಲಿ ನಾವೇ ತಿಳಿ ಗಂಜಿ ತುಂಬಿಟ್ಟಿದ್ದೆವು.

ಮೊದಲ ಕೆಲಸ, ಮೂರು ದಿನ ಲೆಕ್ಕ ಬರೆಯುವುದು. ಬಾಟಲಿಗೆ ಎಷ್ಟು ಹಾಕಿದೆವು ಅನ್ನುವುದಕ್ಕಿಂತ ಎಷ್ಟು ಉಳಿಯಿತು ಅನ್ನುವುದೇ ಮುಖ್ಯ. ಕುಡಿದಾದ ಮೇಲೆ ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ನೊರೆ ಇಳಿದ ಮೇಲೆ ಗೀಟು ನೋಡಬೇಕು. ಕೈಯಲ್ಲಿ ಹಿಡಿದು ನೋಡಿದರೆ ಇಪ್ಪತ್ತು ಮಿಲಿ ಆಚೀಚೆ ಆಗುತ್ತದೆ. ಊಟದ ಲೆಕ್ಕವನ್ನು ಬಟ್ಟಲಿನಲ್ಲಿ ಬರೆಯಬೇಡಿ, ಒಣ ಹಿಟ್ಟಿನ ಗ್ರಾಂನಲ್ಲಿ ಬರೆಯಿರಿ. 'ಒಂದು ಬಟ್ಟಲು ರಾಗಿ ಸರಿ' ಅಂದರೆ ಅದರಲ್ಲಿ ಐದು ಗ್ರಾಂ ಹಿಟ್ಟಿರಬಹುದು, ಇಪ್ಪತ್ತೂ ಇರಬಹುದು. ಇದರ ಜೊತೆ ಉಚ್ಚೆ ಬಟ್ಟೆ ಎಷ್ಟು ಬದಲಿಸಿದೆವು, ಕಕ್ಕ ಗಟ್ಟಿಯಿತ್ತೋ ಮೆತ್ತಗಿತ್ತೋ, ಯಾವ ಹೊತ್ತಿಗೆ ಏನು ಕೊಟ್ಟೆವು, ಇಷ್ಟು ಸಾಕು.

ಈ ವಯಸ್ಸಿನ ಮಗುವಿಗೆ ದಿನಕ್ಕೆ ಕೆಜಿಗೆ ಸುಮಾರು 80 ಕ್ಯಾಲೊರಿ ಬೇಕು. ಮಗು 7.4 ಕೆಜಿ ಇತ್ತು, ಅಂದರೆ ಹತ್ತಿರ ಹತ್ತಿರ 590. ಸರಿಯಾಗಿ ಕಲಸಿದ ಫಾರ್ಮುಲಾ, ಅಂದರೆ ಡಬ್ಬದ ಹಾಲು, 100 ಮಿಲಿಗೆ ಸುಮಾರು 67 ಕ್ಯಾಲೊರಿ ಕೊಡುತ್ತದೆ. ಹಾಗಾದರೆ 420 ಮಿಲಿಗೆ 280. ಉಳಿದದ್ದು ಊಟದಿಂದ ಬರಬೇಕು. ನಾವು ಕೊಡುತ್ತಿದ್ದದ್ದು ಎರಡು ಹೊತ್ತು ರಾಗಿ ಸರಿ, ಪ್ರತಿ ಸಲ 10 ಗ್ರಾಂ ಹಿಟ್ಟಿಗೆ 150 ಮಿಲಿ ನೀರು. ಮಧ್ಯಾಹ್ನ 100 ಮಿಲಿ ಬೇಳೆ ಕಟ್ಟು. ಸಂಜೆ ಅರ್ಧ ಬಾಳೆಹಣ್ಣು. ಹೊಟ್ಟೆಗೆ ಹೋದದ್ದು ನಾನೂರು ಮಿಲಿಗೂ ಹೆಚ್ಚು, ಅದರಿಂದ ಸಿಕ್ಕಿದ್ದು 120 ಕ್ಯಾಲೊರಿ. ಹಾಲಿನಲ್ಲಿ ಕಮ್ಮಿಯಾಗಿದ್ದ 380 ಮಿಲಿಯಲ್ಲಿ 250 ಕ್ಯಾಲೊರಿ ಇರುತ್ತಿತ್ತು. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಕೆಜಿಗೆ 30 ಮಿಲಿಯಷ್ಟು, ಅಂದರೆ ಈ ಮಗುವಿಗೆ 220 ಮಿಲಿ. ಅದರಲ್ಲಿ 150 ಮಿಲಿ ತಿಳಿ ಸರಿ ಕೂತಿರುವಾಗ ಅರ್ಧ ಗಂಟೆಯಲ್ಲಿ ಬಾಟಲಿ ಹಿಡಿದರೆ ಮುಖ ತಿರುಗಿಸದೆ ಇನ್ನೇನು ಮಾಡೀತು?

ಆರರಿಂದ ಎಂಟು ತಿಂಗಳವರೆಗೆ ಊಟದಿಂದ ದಿನಕ್ಕೆ 200 ಕ್ಯಾಲೊರಿ ಸಾಕು, ಉಳಿದದ್ದೆಲ್ಲ ಹಾಲಿನದೇ. ಆದ್ದರಿಂದ 600 ಮಿಲಿ ಹಾಲನ್ನು ಗುರಿ ಇಟ್ಟುಕೊಂಡೆವು. ಹಳೆಯ 800ಕ್ಕೆ ವಾಪಸು ತರಲು ಒದ್ದಾಡುವುದು ದಡ್ಡತನ. ಊಟ ಶುರುವಾದ ಮೇಲೆ ಹಾಲು ಸ್ವಲ್ಪ ಇಳಿಯಲೇಬೇಕು.

ಮೊದಲು ಸರಿಯನ್ನು ಗಟ್ಟಿ ಮಾಡಿದೆವು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು 15 ಗ್ರಾಂ, ನೀರು 120 ಮಿಲಿ. ತಣ್ಣೀರಲ್ಲೇ ಗಂಟಿಲ್ಲದಂತೆ ಕದಡಿಕೊಂಡು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಏಳೆಂಟು ನಿಮಿಷ ಬೇಯಿಸಬೇಕು. ಹಸಿ ವಾಸನೆ ಹೋಗಿ ಹೊಳಪು ಬಂದರೆ ಬೆಂದಂತೆ. ಕೆಳಗಿಳಿಸಿ ಅರ್ಧ ಟೀ ಚಮಚ ತುಪ್ಪ. ಉಗುರುಬೆಚ್ಚಗಾದ ಮೇಲೆ ಬೇರೆಯಾಗಿ ಕಲಸಿಟ್ಟ ಫಾರ್ಮುಲಾ 30 ಮಿಲಿ ಬೆರೆಸುವುದು. ಒಲೆಯ ಮೇಲೆ ಫಾರ್ಮುಲಾ ಹಾಕಿ ಕುದಿಸಬಾರದು. ಅದರಲ್ಲಿರುವ ಕೆಲವು ಜೀವಸತ್ವಗಳು ಕುದಿಸಿದರೆ ಹಾಳಾಗುತ್ತವೆ. ಹದ ನೋಡುವುದು ಹೀಗೆ: ಚಮಚ ವಾಲಿಸಿದರೆ ಸರಿ ನೀರಿನಂತೆ ಸುರಿಯಬಾರದು, ಒಂದು ಕ್ಷಣ ಅಂಟಿಕೊಂಡಿದ್ದು ಮೆಲ್ಲಗೆ ಜಾರಬೇಕು. ಇಷ್ಟರಲ್ಲಿ 90 ಕ್ಯಾಲೊರಿ ಹತ್ತಿರ ಬರುತ್ತದೆ. ಹಿಂದೆ 150 ಮಿಲಿಯಲ್ಲಿ ಬರುತ್ತಿದ್ದದ್ದು 32. ಮೊಳಕೆ ಹಿಟ್ಟೇ ಏಕೆ ಅಂದರೆ, ಮೊಳೆತ ಕಾಳಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಇರುತ್ತದೆ, ಬೇಯುವಾಗ ಸರಿಯನ್ನು ಸ್ವಲ್ಪ ತೆಳುವಾಗಿಸುತ್ತದೆ. ಹಾಗಾಗಿ ಅದೇ ಹದಕ್ಕೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಹುರಿಯುವಾಗ ಕಪ್ಪಗಾಗಲು ಬಿಟ್ಟರೆ ಆ ಗುಣ ಹೋಗುತ್ತದೆ.

ಬೇಳೆ ಕಟ್ಟನ್ನು ಪೂರ್ತಿ ನಿಲ್ಲಿಸಿದೆವು. ಸತ್ವವೆಲ್ಲ ಕಟ್ಟಿನಲ್ಲೇ ಇದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಅಜ್ಜಿಯರ ಜೊತೆ ವಾದಿಸಿ ಗೆಲ್ಲುವುದು ಕಷ್ಟ. ಬೇಳೆಯ ಸತ್ವ ಬೇಳೆಯಲ್ಲಿದೆ. 10 ಗ್ರಾಂ ಅಕ್ಕಿ, 10 ಗ್ರಾಂ ಹೆಸರುಬೇಳೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಚಮಚದ ಬೆನ್ನಿನಿಂದ ಮಸೆದು, ಅರ್ಧ ಚಮಚ ತುಪ್ಪ, ಎರಡು ಹನಿ ನಿಂಬೆರಸ. ಉಪ್ಪು ಸಕ್ಕರೆ ಎರಡೂ ಇಲ್ಲ. ಬೇಳೆಯ ಕಬ್ಬಿಣ ದೇಹಕ್ಕೆ ಹತ್ತಲು ನಿಂಬೆ ನೆರವಾಗುತ್ತದೆ. ಡಬ್ಬದ ಹಾಲಿಗೆ ಕಬ್ಬಿಣ ಸೇರಿಸಿರುತ್ತಾರೆ. ಹಾಲು ಇಳಿದರೆ ಅದೂ ಇಳಿಯುತ್ತದೆ. ಸರ್ಕಾರದ ರಕ್ತಹೀನತೆ ತಡೆ ಯೋಜನೆಯಲ್ಲಿ ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಇದೆ, ಆಶಾ ಕಾರ್ಯಕರ್ತೆಯರು ಕೊಡುತ್ತಾರೆ. ಫಾರ್ಮುಲಾ ಕುಡಿಯುವ ಮಗುವಿಗೆ ಅದು ಬೇಕೋ ಬೇಡವೋ ಡಾಕ್ಟರನ್ನು ಕೇಳಿಯೇ ಹಾಕಿ.

ಆಮೇಲೆ ಗಡಿಯಾರ. ಒಂಬತ್ತು ತಿಂಗಳವರೆಗೆ ಹಾಲು ಮೊದಲು, ಊಟ ಎರಡು ಗಂಟೆ ಬಿಟ್ಟು. ನಮಗೆ ಕೂತ ಸಮಯ ಇದು: ಬೆಳಗ್ಗೆ ಆರೂವರೆಗೆ ಹಾಲು 180, ಎಂಟೂವರೆಗೆ ಸರಿ, ಹನ್ನೊಂದಕ್ಕೆ ಹಾಲು 140, ಒಂದಕ್ಕೆ ಅನ್ನ ಬೇಳೆ, ಮೂರೂವರೆಗೆ ಹಾಲು 130, ಐದೂವರೆಗೆ ಮಸೆದ ಪಪ್ಪಾಯಿ ಮೂರು ನಾಲ್ಕು ಚಮಚ, ಎಂಟಕ್ಕೆ ಹಾಲು 170. ಒಟ್ಟು 620. ಮೊದಲು ಹತ್ತೂವರೆಗೆ ಸರಿ, ಹನ್ನೊಂದಕ್ಕೆ ಬಾಟಲಿ ನಡೆಯುತ್ತಿತ್ತು. ಊಟವಾದ ಮೇಲೆ ಎರಡೂವರೆ ಗಂಟೆ ಬಾಟಲಿ ತೋರಿಸದಿರುವುದೇ ಅರ್ಧ ಮದ್ದು. ನಡುವೆ ಬಾಯಿಗೆ ಹೋಗುವ ಚೂರುಪಾರು ಈ ಅಂತರವನ್ನು ಕೆಡಿಸುತ್ತದೆ. ಮನೆಗೆ ಬಂದವರ ಕೈಯ ಒಂದು ಬಿಸ್ಕತ್ತು ಸಾಕು, ಹನ್ನೊಂದರ ಹಾಲು ಅರ್ಧ ಉಳಿಯುತ್ತದೆ. ಊಟದ ಜೊತೆ ನೀರು ಎರಡು ಮೂರು ಗುಟುಕು ಮಾತ್ರ.

ಈ ಎರಡಕ್ಕೆ ಬೆಳಗಿನ ಮತ್ತು ರಾತ್ರಿಯ ಬಾಟಲಿ ನಾಲ್ಕೈದು ದಿನದಲ್ಲಿ ದಾರಿಗೆ ಬಂದವು. ಹನ್ನೊಂದರದ್ದು ಬರಲಿಲ್ಲ. ಅದರ ತಪ್ಪು ಬಾಟಲಿಯಲ್ಲಿತ್ತು.

ಬಾಟಲಿಯಲ್ಲಿ ನೋಡಬೇಕಾದವು ಮೂರು. ಹಾಲು ಹೀರುವಾಗ ನಿಪ್ಪಲ್ ಒಳಕ್ಕೆ ಕುಗ್ಗಿ ಚಪ್ಪಟೆಯಾಗುತ್ತಿದ್ದರೆ ಮೇಲಿನ ರಿಂಗ್ ತುಂಬ ಬಿಗಿಯಾಗಿದೆ, ಒಳಗೆ ಗಾಳಿ ಹೋಗುತ್ತಿಲ್ಲ. ಮಗು ನಾಲ್ಕು ಗುಟುಕು ಕುಡಿದು, ಎಳೆದರೂ ಬಾರದೆ, ಅತ್ತು ಬಿಡುತ್ತದೆ. ನೋಡುವವರಿಗೆ ಅದು ಹಾಲು ಬೇಡ ಅಂದಂತೆ ಕಾಣುತ್ತದೆ. ರಿಂಗ್ ಕಾಲು ಸುತ್ತು ಸಡಿಲಿಸಿ, ಹಾಲಿನೊಳಗೆ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಎರಡನೆಯದು ತೂತು. ಹುಟ್ಟಿದಾಗ ತಂದ ನಿಪ್ಪಲ್ಲೇ ಇದ್ದರೆ ಆರು ತಿಂಗಳ ಮಗುವಿಗೆ ಅದು ನಿಧಾನ. ಚಮಚದಲ್ಲಿ ಸರಸರ ತಿಂದು ರೂಢಿಯಾದ ಬಾಯಿಗೆ ತಾಳ್ಮೆಯಿಲ್ಲ. ತಲೆಕೆಳಗು ಹಿಡಿದರೆ ಹಾಲು ತಾನಾಗಿ ಹನಿ ಹನಿಯಾಗಿ ಬೀಳಬೇಕು, ಧಾರೆ ಕಟ್ಟಬಾರದು. ಮುಂದಿನ ಸೈಜು ಕೊಂಡುಕೊಳ್ಳಿ, ಸೂಜಿ ಕಾಯಿಸಿ ತೂತು ದೊಡ್ಡದು ಮಾಡಬೇಡಿ, ಹಾಲು ನುಗ್ಗಿ ಮಗು ಕೆಮ್ಮುತ್ತದೆ, ಬಾಟಲಿಗೇ ಹೆದರುತ್ತದೆ. ಮೂರನೆಯದು ಗಂಟು. ಹನ್ನೊಂದರ ಬಾಟಲಿ ನಮ್ಮಲ್ಲಿ ಸದಾ ಅವಸರದಲ್ಲಿ ಕಲಸಿದ್ದು. ನಿಪ್ಪಲ್ ತೆಗೆದು ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಾಸಿವೆ ಗಾತ್ರದ ಪುಡಿಯ ಉಂಡೆ ಕೂತಿತ್ತು.

ಕಲಸುವ ಕ್ರಮದಲ್ಲಿ ತಪ್ಪು ಮಾಡಬಾರದು. ಪೌಡರ್ ಕ್ರಿಮಿರಹಿತವಲ್ಲ, ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಬೇಕೆಂದು, ಅಂದರೆ ಕುದಿಸಿ ಅರ್ಧ ಗಂಟೆಯೊಳಗೆ. ಡಬ್ಬದ ಮೇಲೆ ಬೇರೆ ಬರೆದಿದ್ದರೆ ಡಾಕ್ಟರನ್ನು ಕೇಳಿ. ಮೊದಲು ನೀರು, ಆಮೇಲೆ ಪುಡಿ. ನಮ್ಮ ಡಬ್ಬಕ್ಕೆ 30 ಮಿಲಿಗೆ ಒಂದು ಸ್ಕೂಪ್, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದ್ದು. ಮುಚ್ಚಿ, ಮೇಲೆ ಕೆಳಗೆ ಕುಲುಕುವ ಬದಲು ಅಂಗೈಗಳ ನಡುವೆ ಕಡಗೋಲಿನಂತೆ ತಿರುಗಿಸಿದರೆ ಗಂಟೂ ಕಟ್ಟುವುದಿಲ್ಲ, ನೊರೆಯೂ ಏಳುವುದಿಲ್ಲ. ನಲ್ಲಿ ನೀರಿನ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡುವುದು. ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಒಂದು ಗಂಟೆಯೊಳಗೆ ಚೆಲ್ಲಿ. ದುಬಾರಿ ಪುಡಿ ಚೆಲ್ಲಲು ಮನಸ್ಸು ಬರುವುದಿಲ್ಲ, ಆದ್ದರಿಂದ ಮಗು ಹಾಲು ಬಿಡುವ ದಿನಗಳಲ್ಲಿ 90 ಮಿಲಿ ಮಾತ್ರ ಕಲಸಿ, ಬೇಕೆಂದರೆ ಮತ್ತೆ 60 ಕಲಸುತ್ತಿದ್ದೆವು.

ಕಮ್ಮಿ ಕುಡಿಯುತ್ತದೆಂದು ಅದೇ ನೀರಿಗೆ ಒಂದು ಸ್ಕೂಪ್ ಹೆಚ್ಚು ಹಾಕುವವರಿದ್ದಾರೆ. ಅದು ಮೂತ್ರಪಿಂಡಕ್ಕೆ ಭಾರ, ಮಲಬದ್ಧತೆಗೆ ದಾರಿ. ಬಾಟಲಿಗೆ ರಾಗಿ ಹಿಟ್ಟು, ಸಕ್ಕರೆ, ಜೇನು ಹಾಕುವುದೂ ಬೇಡ. ಜೇನಂತೂ ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಡಬ್ಬದ ಹಾಲು ಬಿಟ್ಟಿತು, ಹಸುವಿನ ಹಾಲು ಕೊಡಿ ಎಂಬ ಸಲಹೆ ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಕಬ್ಬಿಣ ಬಹಳ ಕಮ್ಮಿ, ಚಿಕ್ಕ ಮಕ್ಕಳ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿಕೆಗೂ ಕಾರಣವಾಗಬಹುದು. ಮೊಸರು ಚಮಚದಲ್ಲಿ ಕೊಡಬಹುದು, ಬಾಟಲಿಯ ಬದಲಿಗೆ ಹಸುವಿನ ಹಾಲು ಒಂದು ವರ್ಷದ ನಂತರವೇ.

ಆರು ತಿಂಗಳಿಗೇ ಸ್ಟೇಜ್ 2 ಡಬ್ಬಕ್ಕೆ, ಅಂದರೆ ಆರು ತಿಂಗಳ ಮೇಲಿನ ಮಕ್ಕಳ ಪುಡಿಗೆ, ಹೋಗುವುದರಿಂದ ಇನ್ನೊಂದು ಗೊಂದಲ. ಊಟವೂ ಹೊಸದು, ಹಾಲಿನ ರುಚಿಯೂ ಹೊಸದು. ಯಾವುದರಿಂದ ಬಿಟ್ಟಿತೆಂದು ತಿಳಿಯುವುದಿಲ್ಲ. ಡಾಕ್ಟರನ್ನು ಕೇಳಿ ನಾವು ಅದನ್ನು ಎರಡು ವಾರ ಮುಂದಕ್ಕೆ ಹಾಕಿದೆವು. ಬದಲಿಸುವಾಗ ಪುಡಿಗಳನ್ನು ಬೆರೆಸಬಾರದು, ಎರಡು ಡಬ್ಬದ ಸ್ಕೂಪ್ ಒಂದೇ ಅಳತೆ ಇರುವುದಿಲ್ಲ. ಬೇರೆ ಬೇರೆ ಕಲಸಿ ಹಾಲನ್ನೇ ಬೆರೆಸಿ: ಎರಡು ದಿನ ಹಳೆಯದು 90, ಹೊಸದು 30, ಎರಡು ದಿನ 60, 60, ಆಮೇಲೆ 30, 90.

ಮಲಬದ್ಧತೆಯನ್ನು ಜನ ಮರೆಯುತ್ತಾರೆ. ಮೂರು ದಿನದಿಂದ ಹಿಕ್ಕೆಯಂತೆ ಗಟ್ಟಿಯಾಗಿ ಹೋಗುವ ಮಗು ಹಾಲನ್ನೂ ಬಿಡುತ್ತದೆ, ಊಟವನ್ನೂ ಬಿಡುತ್ತದೆ. ಅಕ್ಕಿ, ಪೂರ್ತಿ ಹಣ್ಣಾಗದ ಬಾಳೆಹಣ್ಣು ಸ್ವಲ್ಪ ದಿನ ಕಮ್ಮಿ ಮಾಡಿ ಪಪ್ಪಾಯಿ, ಬೇಯಿಸಿ ಮಸೆದ ಸಿಹಿಗುಂಬಳ, ರಾತ್ರಿ ನೆನೆಸಿ ಕಿವುಚಿ ಸೋಸಿದ ಒಣದ್ರಾಕ್ಷಿ ರಸ ಎರಡು ಚಮಚ ಕೊಟ್ಟಾಗ ನಮ್ಮಲ್ಲಿ ಸರಿಹೋಯಿತು.

ಬಲವಂತ ಬೇಡವೇ ಬೇಡ. ಬಾಯಿ ಮುಚ್ಚಿದರೆ, ತಲೆ ತಿರುಗಿಸಿದರೆ ಬಾಟಲಿ ಕೆಳಗಿಡಿ, ಹತ್ತು ನಿಮಿಷ ಬಿಟ್ಟು ಇನ್ನೊಂದೇ ಸಲ ಕೊಡಿ, ಅಲ್ಲಿಗೆ ಆ ಹೊತ್ತಿನದು ಮುಗಿಯಿತು. ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಗಂಟಲಿಗೆ ಸುರಿಯುವುದು ಅಪಾಯ, ಹಾಲು ಶ್ವಾಸನಾಳಕ್ಕೆ ಹೋಗಬಹುದು. ಒಳಲೆಯೇ ಕೆಟ್ಟದ್ದಲ್ಲ, ಮಗುವನ್ನು ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದೇ ಹೀರುವಂತೆ ಕೊಟ್ಟರೆ ವಸಡು ನೋಯುವ ದಿನಗಳಲ್ಲಿ ಬಾಟಲಿಗಿಂತ ಒಳ್ಳೆಯದು. ಪುಟ್ಟ ಸ್ಟೀಲ್ ಲೋಟದಲ್ಲಿ 30 ಮಿಲಿ ಹಾಕಿ ಕೊಟ್ಟರೂ ಆದೀತು. ಅರೆನಿದ್ದೆಯಲ್ಲಿ ಕುಡಿಸುವ ಉಪಾಯವನ್ನೂ ನಾಲ್ಕು ದಿನ ಮಾಡಿದೆವು. ರಾತ್ರಿ 200 ಮಿಲಿ ಹೋಗುತ್ತಿತ್ತು, ಹಗಲು ಅಷ್ಟೇ ಕಮ್ಮಿಯಾಗುತ್ತಿತ್ತು. ಬಿಟ್ಟೆವು.

ಇಷ್ಟೆಲ್ಲ ಮನೆಯಲ್ಲಿ ಮಾಡಬಹುದಾದದ್ದು ಮಗು ಆಡಿಕೊಂಡಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಮಾತ್ರ. ಏಳೆಂಟು ಗಂಟೆ ಉಚ್ಚೆಯಿಲ್ಲದಿದ್ದರೆ, ನೆತ್ತಿ ಗುಳಿ ಬಿದ್ದರೆ, ಮಂಕಾಗಿ ಮಲಗಿದರೆ, ಜ್ವರ ವಾಂತಿ ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹೀರಲು ಶುರು ಮಾಡಿದ ಕೂಡಲೆ ಕಿರುಚಿ ಕಿವಿ ಹಿಡಿದುಕೊಂಡರೆ ಕಿವಿ ತೋರಿಸಿ. ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಬಾಯಿ ತೋರಿಸಿ. ತೂಕ ಅಂಗನವಾಡಿಯಲ್ಲೋ ಕ್ಲಿನಿಕ್ಕಿನಲ್ಲೋ ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ನೋಡಿ ತಾಯಿ ಕಾರ್ಡಿನ ಗೆರೆಯಲ್ಲಿ ಗುರುತು ಹಾಕಿಸಿ. ಆರರಿಂದ ಒಂಬತ್ತು ತಿಂಗಳವರೆಗೆ ತಿಂಗಳಿಗೆ 300 ಗ್ರಾಂ ಆಸುಪಾಸು, ಆಮೇಲೆ 200ರ ಮೇಲೆ ಏರಿದರೆ ಸಾಕು. ದಿನಾ ತೂಗಿದರೆ ಹುಚ್ಚು ಹಿಡಿಯುತ್ತದೆ ಅಷ್ಟೆ.

ಒಂಬತ್ತು ತಿಂಗಳಿಗೆ ಮೂರು ಊಟ ಕೂತ ಮೇಲೆ ಮೂರೂವರೆಯ ಬಾಟಲಿ ತಾನಾಗಿ ಹೋಯಿತು, ಆಗ ನಾವು ಅದನ್ನು ಹಿಡಿದು ಎಳೆಯಲಿಲ್ಲ. ಊಟ ಚೆನ್ನಾಗಿ ಹೋಗತೊಡಗಿದರೆ ಹತ್ತು ತಿಂಗಳ ಹೊತ್ತಿಗೆ 400 ಮಿಲಿ ಹಾಲು ಸಾಕು. ಹನ್ನೊಂದರ ಬಾಟಲಿ ಲೋಟಕ್ಕೆ ಬದಲಾಯಿತು. ರಾತ್ರಿಯದು ಮಾತ್ರ ವರ್ಷ ತುಂಬುವವರೆಗೂ ಉಳಿಯಿತು.