ಹಾಲಿನ ಲೆಕ್ಕದ ಪಕ್ಕ ತಲೆನೋವಿನ ಲೆಕ್ಕ

“ತಿಂಗಳಿಗೆ ಎಷ್ಟು ದಿನ ತಲೆನೋವು ಬರ್ತದೆ?”

ಹುಬ್ಬಳ್ಳಿಯ ನರರೋಗದ ಡಾಕ್ಟರು ಮೊದಲು ಕೇಳಿದ್ದೇ ಇದನ್ನು. “ಆಗಾಗ ಬರ್ತದೆ” ಅಂದೆ. “ಆಗಾಗ ಅಂದ್ರೆ 4 ದಿನವೋ, 14 ದಿನವೋ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಿರಸಿ ಹತ್ತಿರದ ಸೊಸೈಟಿಯೊಂದರಲ್ಲಿ 20 ವರ್ಷದಿಂದ ಕೀರ್ದಿ, ಖತಾವಣಿ ಬರೆಯುವುದು ನನ್ನ ಕೆಲಸ. ಅಂದಂದಿನ ಲೆಕ್ಕ ಅಂದೇ ಬರೆಯದಿದ್ದರೆ ಮರುದಿನ ತಾಳೆ ಆಗುವುದಿಲ್ಲ ಅಂತ ಚೆನ್ನಾಗಿ ಗೊತ್ತು. ತಲೆನೋವಿಗೂ ಅದೇ ಮಾತು ಅಂತ ಅವತ್ತಿನ ತನಕ ಹೊಳೆದಿರಲಿಲ್ಲ.

ಅದು 2023ರ ಜೂನ್. ನನಗೆ ಆಗ 47. ಅರೆತಲೆನೋವು ಹೊಸದಲ್ಲ, ಹೈಸ್ಕೂಲಿನಿಂದ ಇದೆ. ಮುಟ್ಟಿನ ಹಿಂದೆಮುಂದೆ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದರೆ ಮುಗಿಯುತ್ತಿತ್ತು. ಆದರೆ ಆ ವರ್ಷ ಮುಟ್ಟೂ ದಾರಿ ತಪ್ಪಿತು, ತಲೆನೋವೂ ದಾರಿ ತಪ್ಪಿತು. ಒಮ್ಮೆ 23 ದಿನಕ್ಕೆ ಮುಟ್ಟು, ಮತ್ತೊಮ್ಮೆ ಎರಡು ತಿಂಗಳಾದರೂ ಇಲ್ಲ. ತಲೆನೋವು ಮಾತ್ರ ಯಾವಾಗ ಬೇಕಾದರೂ ಬರುತ್ತಿತ್ತು. “ಪಿತ್ತ ಜಾಸ್ತಿ ಆಗಿದೆ” ಅಂದರು ಅತ್ತೆ. ಒಂದೆಲಗದ ತಂಬುಳಿ ಮಾಡಿಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು, ಉಂಡೆ. ನೋವು ಹೋಗಲಿಲ್ಲ.

ಡಾಕ್ಟರು ಮೂರು ತಿಂಗಳು ಬರೆದಿಟ್ಟು ತನ್ನಿ ಅಂದರು. ಮನೆಗೆ ಬಂದವಳೇ ನೋಟ್‌ಬುಕ್ಕಿನಲ್ಲಿ 14 ಕಾಲಂ ಎಳೆದೆ. ಏನು ತಿಂದೆ, ಎಷ್ಟು ನೀರು ಕುಡಿದೆ, ಬಿಸಿಲೋ ಮಳೆಯೋ, ಯಾರ ಜೊತೆ ಮಾತು ಬೆಳೆಯಿತು, ಎಲ್ಲ. 9 ದಿನ ಬರೆದೆ. ಹತ್ತನೇ ದಿನ ನೋವು ಜೋರಾಯಿತು, ಪೆನ್ನು ಹಿಡಿಯಲು ಆಗಲಿಲ್ಲ. ಅಲ್ಲಿಗೆ ಆ ಪುಸ್ತಕ ಮುಗಿಯಿತು. ನೋವು ಇದ್ದ ದಿನವೂ ಅರ್ಧ ನಿಮಿಷದಲ್ಲಿ ಬರೆಯಲು ಆಗುವಂಥದ್ದು ಬೇಕು, ಅಲ್ವಾ?

ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಕು ಮೊದಲೇ ಇರುತ್ತಿತ್ತು. ಅದರ ಪಕ್ಕದಲ್ಲೇ ಶುರು ಮಾಡಿದೆ. ಮುಟ್ಟಿನ ದಿನಕ್ಕೆ ಕೆಂಪು ಚುಕ್ಕಿ. ಮಾತ್ರೆ ನುಂಗಿದ ದಿನಕ್ಕೆ ಓರೆ ಗೆರೆ. ತಲೆನೋವಿಗೆ ಅಂಕೆ: ಕೆಲಸ ಎಂದಿನಂತೆ ನಡೆದರೆ 1, ಕುಂಟುತ್ತಾ ನಡೆದರೆ 2, ಮಲಗಲೇಬೇಕಾದರೆ 3. ಹತ್ತಕ್ಕೆ ಎಷ್ಟು ಅಂತ ನೋವು ಅಳೆಯುವುದು ನನಗೆ ಹೊಂದಲಿಲ್ಲ. ಇವತ್ತಿನ 6 ನಾಳೆಯ 6 ಆಗಿರುತ್ತಿರಲಿಲ್ಲ. ಮಲಗಿದೆನೋ ಇಲ್ಲವೋ ಅನ್ನುವುದರಲ್ಲಿ ಗೊಂದಲ ಇಲ್ಲ.

ನೋವೇ ಇಲ್ಲದ ದಿನಕ್ಕೆ 0 ಹಾಕುತ್ತಿದ್ದೆ. ಇದನ್ನು ದಯವಿಟ್ಟು ಬಿಡಬೇಡಿ. ಖಾಲಿ ಮನೆ ಇದ್ದರೆ ಅವತ್ತು ಆರಾಮಿದ್ದೆನೋ, ಬರೆಯಲು ಮರೆತೆನೋ ಗೊತ್ತಾಗುವುದಿಲ್ಲ. ರಾತ್ರಿ ಅಡುಗೆಮನೆ ದೀಪ ಆರಿಸುವ ಮೊದಲು ಬರೆಯುವುದು ರೂಢಿಯಾಯಿತು. ತಿಂಗಳು ಮುಗಿದ ಹಾಳೆಯನ್ನು ಹರಿದು ಡಬ್ಬಿಗೆ ಹಾಸುವುದು ನಮ್ಮನೆಯವರ ಅಭ್ಯಾಸ. ಒಂದು ವರ್ಷ ಕೈ ಹಚ್ಚಬೇಡಿ ಅಂತ ಹೇಳಿಟ್ಟೆ. ಕೆಂಪು ಚುಕ್ಕಿ ಎಲ್ಲರಿಗೂ ಕಾಣ್ತದಲ್ಲ ಅಂತ ಮೊದಲ ವಾರ ಮುಜುಗರ ಆಗಿತ್ತು. ಆಮೇಲೆ ಯಾರೂ ಅದರ ಕಡೆ ನೋಡಲೂ ಇಲ್ಲ.

ಜುಲೈ ಮುಗಿದಾಗ ಕೂಡಿಸಿದೆ. ತಲೆನೋವು 13 ದಿನ. ಮಾತ್ರೆ 12 ದಿನ.

ಆ 12 ನೋಡಿ ಎದೆ ಧಸಕ್ಕೆಂದಿತು. ಯಾರಾದರೂ ಕೇಳಿದ್ದರೆ ನಾಲ್ಕೈದು ಅಂತ ಪ್ರಾಮಾಣಿಕವಾಗಿ ಹೇಳಿರುತ್ತಿದ್ದೆ. ಮಗಳು ಒಂದೆರಡು ಸಲ “ಆಯಿ, ನಿನ್ನೆನೂ ತಗೊಂಡಿದ್ದೆ ಅಲ್ದಾ?” ಅಂದಾಗ ಬೈದಿದ್ದೆ ಕೂಡ. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಲೆಕ್ಕ ಇಳಿಯಲಿಲ್ಲ.

ಅಕ್ಟೋಬರ್‌ನಲ್ಲಿ ಮೂರು ಹಾಳೆ ಸುತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಡಾಕ್ಟರು ಮೊದಲು ಎಣಿಸಿದ್ದು ಓರೆ ಗೆರೆಗಳನ್ನು. ನಾನು ನುಂಗುತ್ತಿದ್ದದ್ದು ಎರಡು ಮೂರು ಔಷಧ ಸೇರಿಸಿದ ನೋವಿನ ಮಾತ್ರೆ. ಅಂಥದ್ದನ್ನು ತಿಂಗಳಿಗೆ 10 ದಿನ ಅಥವಾ ಜಾಸ್ತಿ, ಬರೀ ಪ್ಯಾರಾಸಿಟಮಾಲ್ ಆದರೆ 15 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡ್ತದೆ ಅಂತ ವಿವರಿಸಿದರು. ಇಲ್ಲಿ ಎಣಿಸಬೇಕಾದ್ದು ಮಾತ್ರೆಯನ್ನಲ್ಲ, ದಿನವನ್ನು. ಒಂದೇ ದಿನ ಎರಡು ನುಂಗಿದರೂ ಒಂದು ಗೆರೆಯೇ.

ಆ ಮಾತ್ರೆ ನಿಲ್ಲಿಸಿದರು. ದಿನಾ ತಗೊಳ್ಳಲು ಪ್ರೊಪ್ರನೊಲಾಲ್ ಬರೆದುಕೊಟ್ಟರು. ಬಿಪಿಗೂ ಕೊಡುವ ಔಷಧ ಅದು. ಉಬ್ಬಸ ಇದ್ದವರಿಗೆ ಆಗುವುದಿಲ್ಲ, ಹಾಗಾಗಿ ಬರೆಯುವ ಮೊದಲು ಅದನ್ನು ಕೇಳಿಕೊಂಡರು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು ಅಂದಿದ್ದರು. ಮೊದಲ ಹತ್ತು ದಿನ ಮಾತ್ರ ಬಹಳ ಕಷ್ಟ. ಕ್ಯಾಲೆಂಡರ್‌ನಲ್ಲಿ ಸಾಲಾಗಿ 3, 3, 2, 3. ನೋವಿನ ಮಾತ್ರೆ ಬಿಟ್ಟ ಹೊಸತರಲ್ಲಿ ತಲೆನೋವು ಜೋರಾಗುವುದು ಸಹಜ ಅಂತ ಮೊದಲೇ ಹೇಳಿರದಿದ್ದರೆ ಮತ್ತೆ ಹಳೇ ಮಾತ್ರೆಗೇ ಕೈ ಹಾಕುತ್ತಿದ್ದೆ. ಡಿಸೆಂಬರ್‌ಗೆ ತಲೆನೋವು 7 ದಿನಕ್ಕೆ ಇಳಿಯಿತು.

ಹಾಳೆಗಳು ಜಾಸ್ತಿ ಆದಂತೆ ಬೇರೆ ಸಂಗತಿಗಳೂ ಕಂಡವು. ಸಿಹಿ ತಿಂದರೆ ತಲೆನೋವು ಅಂತ ವರ್ಷಗಟ್ಟಲೆ ನಂಬಿದ್ದೆ. ಮನೆಯಲ್ಲಿ ತೊಡದೇವು ಇದ್ದರೆ ಸಾಕು, ನಾಲ್ಕು ತಿನ್ನುತ್ತಿದ್ದೆ. ಮರುದಿನ ನೋವು. ಮೂಲೆಯಲ್ಲಿ ಸಣ್ಣಕ್ಕೆ ಬರೆದದ್ದನ್ನು ಕೂಡಿಸಿ ನೋಡಿದಾಗ, ಹಾಗೆ ಸಿಹಿ ಬೇಕು ಅನ್ನಿಸಿದ ದಿನವೇ ಆಕಳಿಕೆ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ ಇರುತ್ತಿತ್ತು. ಬೇರೆ ದಿನ ಸಿಹಿ ತಿಂದರೆ ಏನೂ ಆಗುತ್ತಿರಲಿಲ್ಲ. ಅರೆತಲೆನೋವು ನೋವಿಗೆ ಮೊದಲೇ, ಕೆಲವೊಮ್ಮೆ ಹಿಂದಿನ ದಿನವೇ, ಶುರುವಾಗಿರ್ತದಂತೆ. ಆಸೆ ಹುಟ್ಟುವುದೂ ಅದರ ಭಾಗ. ತೊಡದೇವಿನ ತಪ್ಪು ಏನೂ ಇರಲಿಲ್ಲ.

ಏಕಾದಶಿಯದ್ದು ಹಾಗಲ್ಲ. ಉಪವಾಸದ ಮರುದಿನ 2 ಅಥವಾ 3 ಬೀಳುವುದು ತಪ್ಪುತ್ತಲೇ ಇರಲಿಲ್ಲ. ಅತ್ತೆಗೆ ಹಾಳೆ ತೋರಿಸಿದೆ. “ಹಣ್ಣು ಹಾಲು ತಗೊ, ದೇವರು ಏನೂ ಅನ್ನೋದಿಲ್ಲ” ಅಂದರು. 2024ರ ಮಾರ್ಚ್‌ನಲ್ಲಿ ಮಾರಿಕಾಂಬೆ ಜಾತ್ರೆ, ಜೊತೆಗೆ ಸೊಸೈಟಿಯ ವರ್ಷದ ಲೆಕ್ಕ. ಮನೆ ತುಂಬ ನೆಂಟರು. ಆ ತಿಂಗಳ ಹಾಳೆ ನೋಡಿದರೆ ಈಗಲೂ ತಲೆ ಭಾರ ಆಗ್ತದೆ. ಜಾತ್ರೆಯ ಗದ್ದಲಕ್ಕಿಂತ, ಊಟ ತಪ್ಪಿದ್ದು, ಮಲಗುವ ಹೊತ್ತು ತಪ್ಪಿದ್ದು ನನಗೆ ಜಾಸ್ತಿ ಹೊಡೆತ ಕೊಟ್ಟಿತು.

ಇನ್ನು ಮುಟ್ಟಿನ ಮಾತು. ಕೆಂಪು ಚುಕ್ಕಿ ಇಲ್ಲದ ತಿಂಗಳಲ್ಲೂ ಮೂರು ನಾಲ್ಕು ದಿನದ ತಲೆನೋವಿನ ಗುಂಪು ಕಾಣುತ್ತಿತ್ತು. ಅದರ ಹಿಂದಿನ ರಾತ್ರಿಗಳಲ್ಲಿ ಮೈಯೆಲ್ಲ ಬಿಸಿಯೇರಿ ಬೆವರಿ ಎಚ್ಚರ. ಈಸ್ಟ್ರೊಜೆನ್ ಹಾರ್ಮೋನು ಇಳಿಯುವಾಗ ಅರೆತಲೆನೋವು ಏಳ್ತದೆ. ಮುಟ್ಟು ನಿಲ್ಲುವ ಕೆಲವು ವರ್ಷ ಮೊದಲು ಅದು ಒಂದೇ ಸಮ ಇರುವುದಿಲ್ಲ, ಏರ್ತದೆ, ಇಳಿಯುತ್ತದೆ. ರಕ್ತ ಕಾಣದಿದ್ದರೂ ಒಳಗೆ ಆ ಇಳಿತ ಆಗಿರಬಹುದು. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಮಾಧಾನ ಆಯಿತು. ಸುಮ್ನೆ ಬರುವ ನೋವು ಅಲ್ಲ ಇದು.

ಒಂದು ಮಾತು ನೋವಿನಿಂದಲೇ ಹೇಳಬೇಕು. ಇದೇ ಹೊತ್ತಿನಲ್ಲಿ ಒಬ್ಬರು “ಗರ್ಭಕೋಶ ತೆಗೆಸಿಬಿಡಿ, ತಲೆನೋವೂ ಹೋಗ್ತದೆ” ಅಂತ ಸಲಹೆ ಕೊಟ್ಟರು. ಹುಬ್ಬಳ್ಳಿಯಲ್ಲಿ ಕೇಳಿದೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಹಾರ್ಮೋನು ಒಮ್ಮೆಲೇ ಕುಸಿದು ಅರೆತಲೆನೋವು ಇನ್ನೂ ಜೋರಾಗಬಹುದು, ತಲೆನೋವಿಗೆ ಅದು ಮದ್ದಲ್ಲ ಅಂದರು. ನಮ್ಮ ಕಡೆ ಎಷ್ಟು ಹೆಂಗಸರು ಇಂಥ ಮಾತು ಕೇಳಿ ಹೂಂ ಅಂದಿದ್ದಾರೋ ಅಂತ ಅನ್ನಿಸಿ ಸಂಕಟ ಆಗ್ತದೆ.

ಎಲ್ಲ ತಲೆನೋವನ್ನೂ ಮುಟ್ಟು ನಿಲ್ಲುವುದರ ಲೆಕ್ಕಕ್ಕೆ ಬರೆಯಲೂಬಾರದು. 50 ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು, ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು ಇವೆಲ್ಲ ಕ್ಯಾಲೆಂಡರ್‌ಗೆ ಕಾಯುವ ವಿಷಯ ಅಲ್ಲ. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಕುಮಟಾದಲ್ಲಿರುವ ನನ್ನ ಅತ್ತಿಗೆಗೆ ನೋವಿಗೆ ಮೊದಲು ಕಣ್ಣೆದುರು ಮಿಂಚಿನಂಥ ಅಂಕುಡೊಂಕು ಗೆರೆ ಓಡ್ತದೆ. ಅರ್ಧ ತಾಸು ಇದ್ದು ಹೋಗ್ತದೆ. ಅವಳಿಗೆ ಅದಕ್ಕೇ ಬೇರೆ ಗುರುತು ಹಾಕು ಅಂದೆ. ಅಂಥವರಿಗೆ ಗರ್ಭನಿರೋಧಕ ಮಾತ್ರೆಯಾಗಲಿ, ಹಾರ್ಮೋನು ಚಿಕಿತ್ಸೆಯಾಗಲಿ ಬರೆಯುವಾಗ ಡಾಕ್ಟರಿಗೆ ಅದು ಗೊತ್ತಿರಲೇಬೇಕು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ನನ್ನ ಕೊನೆಯ ಕೆಂಪು ಚುಕ್ಕಿ 2024ರ ನವೆಂಬರ್‌ನದ್ದು. 12 ತಿಂಗಳು ಮುಟ್ಟು ಇಲ್ಲದಿದ್ದರೆ ನಿಂತಿತು ಅಂತ ಲೆಕ್ಕ. 2025ರ ನವೆಂಬರ್ ಹಾಳೆಯಲ್ಲಿ 2 ಅಂಕೆ ಎರಡು ಕಡೆ, 1 ಒಂದು ಕಡೆ, 3 ಎಲ್ಲೂ ಇಲ್ಲ. ಉಳಿದದ್ದೆಲ್ಲ ಸೊನ್ನೆ. ದಿನದ ಮಾತ್ರೆ ಇಳಿಸಬಹುದೋ ಅಂತ ಮುಂದಿನ ಸಲ ಕೇಳಬೇಕು. ಅತ್ತಿಗೆಗೆ ಈಗ 45. ಹೊಸ ಕ್ಯಾಲೆಂಡರ್ ಎರಡು ತಂದಿದ್ದೇನೆ, ಒಂದು ಕುಮಟಾಕ್ಕೆ.