ಕೆನೂ ಟ್ರಿಪ್ ಮುಗಿದ ಮಾರನೇ ದಿನ

ಕೆನಡಾದ ಆಲ್ಗಾಂಕ್ವಿನ್ ಅನ್ನೋ ಕಾಡಿನ ಪಾರ್ಕಿನಿಂದ ಹೊರಟು ಭಾನುವಾರ ರಾತ್ರಿ ಮನೆ ಮುಟ್ಟುವಷ್ಟರಲ್ಲಿ ಹತ್ತು ಗಂಟೆ ಆಗಿರುತ್ತದೆ. ಮೈಯೆಲ್ಲ ಹೊಗೆ ವಾಸನೆ, ಭುಜ ನೋವು, ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗು. ಸಾಮಾನನ್ನೆಲ್ಲ ಗ್ಯಾರೇಜಿನ ಮೂಲೆಗೆ ಎಸೆದು ಮಲಗಿಬಿಡೋಣ ಅನ್ನಿಸುತ್ತದೆ, ಅಲ್ವಾ? ಮೊದಲ ಎರಡು ವರ್ಷ ನಾನು ಮಾಡಿದ್ದೂ ಅದನ್ನೇ. ಆ ಎರಡು ವರ್ಷದಲ್ಲಿ ಒಂದು ಟೆಂಟು, ಒಂದು ನೀರಿನ ಫಿಲ್ಟರು, ಕೆನೂವಿನ (ಹುಟ್ಟು ಹಾಕಿ ನಡೆಸುವ ಉದ್ದನೆ ಕಿರುದೋಣಿ) ಅಂಚಿನ ಅರ್ಧ ಅಡಿ ಮರ ಕಳೆದುಕೊಂಡೆ. ಕೆರೆಯಲ್ಲಿ, ಬಂಡೆಗೆ ಬಡಿದು ಹೋದದ್ದು ಒಂದೂ ಇಲ್ಲ. ಎಲ್ಲವೂ ಮನೆಯಲ್ಲಿ ಕೂತೇ ಹಾಳಾದವು.

ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ನಾನು ಆನೆಗೊಂದಿ ಕಡೆಯವನು. ಚಿಕ್ಕವನಿದ್ದಾಗ ತುಂಗಭದ್ರೆಯ ದಂಡೆಯ ಮೇಲೆ ಹರಿಗೋಲುಗಳನ್ನು ಬೋರಲು ಹಾಕಿ, ಯೂರಿಯಾ ಚೀಲ ಹೊದಿಸಿ, ಕಾಸಿದ ಡಾಂಬರು ಬಳಿಯುವುದನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಿದ್ದೆ. ಹೊಳೆ ಹೊಡೆತಕ್ಕೆ ಹರಿಗೋಲು ಒಡೆಯೋದಿಲ್ವಾ ಅಂತ ಕೇಳಿದರೆ ಅಂಬಿಗ ನಗುತ್ತಿದ್ದ. "ಹರಿಗೋಲು ನೀರಾಗ ಕೆಡಂಗಿಲ್ಲೋ, ದಂಡಿಮ್ಯಾಲ ಬಿದ್ದು ಕೆಡ್ತದ." ಆ ಮಾತು ನನಗೆ ನೆನಪಾದದ್ದು ಮೂವತ್ತು ವರ್ಷ ಆದಮೇಲೆ, ಈಗ ನಾನಿರುವ ಕೆನಡಾದ ಊರು ಮಿಸ್ಸಿಸಾಗಾದ ಗ್ಯಾರೇಜಿನಲ್ಲಿ, ಕೊಳೆತ ಮರ ಕೈಗೆ ಹಿಟ್ಟಿನ ಹಾಗೆ ಉದುರಿ ಬಂದಾಗ.

ನನ್ನ ಕೆನೂ ಸೆಕೆಂಡ್ ಹ್ಯಾಂಡ್. ಹದಿನಾರು ಅಡಿ, ರಾಯಲೆಕ್ಸ್ ಮೈ, ಸುತ್ತ ಆಶ್ ಮರದ ಅಂಚುಪಟ್ಟಿ. ಈ ಪಟ್ಟಿಗೆ ಇಲ್ಲಿನವರು ಗನಲ್ ಅನ್ನುತ್ತಾರೆ. ರಾಯಲೆಕ್ಸ್ ಅಂದರೆ ಮಧ್ಯೆ ನೊರೆಯಂಥ ಪದರ, ಎರಡೂ ಕಡೆ ಎಬಿಎಸ್ ಪ್ಲಾಸ್ಟಿಕ್, ಎಲ್ಲದರ ಮೇಲೆ ತೆಳ್ಳನೆ ವಿನೈಲ್. ಬಂಡೆಗೆ ಗುದ್ದಿದರೆ ತಗ್ಗಾಗಿ ಮತ್ತೆ ಉಬ್ಬಿಕೊಳ್ಳುತ್ತದೆ. ಕೆವ್ಲಾರ್ ಅನ್ನೋ ಹಗುರ, ಗಟ್ಟಿ ನಾರಿನ ಕೆನೂಗಿಂತ ಭಾರ. ಪೋರ್ಟೇಜಿನಲ್ಲಿ, ಅಂದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ತಲೆ ಮೇಲೆ ಹೊತ್ತು ನಡೆಯುವಾಗ, ಆ ಭಾರಕ್ಕೆ ಶಾಪ ಹಾಕುತ್ತೇನೆ. ಆದರೂ ಮಾರಿಲ್ಲ. 2014ರ ಹೊತ್ತಿಗೆ ರಾಯಲೆಕ್ಸ್ ತಯಾರಿಕೆಯೇ ನಿಂತುಹೋಯಿತು. ಇದು ಹೋದರೆ ಇಂಥದ್ದು ಹೊಸದು ಸಿಗುವುದಿಲ್ಲ.

ಮೊದಲು ಸವೆಯುವುದು ಎರಡು ಮೂತಿಗಳು. ದಡಕ್ಕೆ ಬಂದಾಗ ಇಳಿಯುವ ಅವಸರದಲ್ಲಿ ಜಲ್ಲಿಕಲ್ಲಿನ ಮೇಲೆ ಎಳೆಯುತ್ತೇವಲ್ಲ, ಅದರದ್ದೇ ಕೆಲಸ. ಹಸಿರು ವಿನೈಲ್ ಹೋಗಿ ಒಳಗಿನ ಎಬಿಎಸ್ ಕಾಣಿಸಿದರೆ ರಿಪೇರಿಗೆ ಕೂರಬೇಕು. ನಾನು ಮಾಡಲು ಹೊರಟ ಮೊದಲ ರಿಪೇರಿ ಒಂದು ಅನಾಹುತವೇ ಆಗುತ್ತಿತ್ತು. ಅಂಟು ಹಾಕುವ ಮುಂಚೆ ಜಿಡ್ಡು ಒರೆಸಬೇಕು ಅಂತ ಎಲ್ಲೋ ಓದಿದ್ದೆ. ಹೆಂಡತಿಯ ನೈಲ್ ಪಾಲಿಶ್ ತೆಗೆಯುವ ಬಾಟಲಿ ಎತ್ತಿಕೊಂಡು ಬಂದೆ. ಅದರಲ್ಲಿ ಇರುವುದು ಅಸಿಟೋನ್. ಬಟ್ಟೆ ಅದ್ದಿ ಒಂದು ಸಲ ಉಜ್ಜಿದೆ ಅಷ್ಟೇ, ಪ್ಲಾಸ್ಟಿಕ್ ಬೆರಳಿಗೆ ಅಂಟಂಟಾಯಿತು. ಅಸಿಟೋನ್ ಎಬಿಎಸ್ಸನ್ನು ಕರಗಿಸುತ್ತದೆ! ಪುಣ್ಯಕ್ಕೆ ನಾಣ್ಯದಷ್ಟು ಜಾಗದಲ್ಲೇ ನಿಲ್ಲಿಸಿದೆ. "ನನ್ನ ಬಾಟಲಿ ಮುಟ್ಟಿದ್ದಕ್ಕೆ ಹಾಗೇ ಆಗಬೇಕು" ಅಂದಳು ಅವಳು.

ಈಗ ಒರೆಸುವುದು ಮೆಡಿಕಲ್ ಸ್ಟೋರಿನ ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ. ಅದಕ್ಕೂ ಮುಂಚೆ ಒರಟು ಸ್ಯಾಂಡ್‌ಪೇಪರಿನಲ್ಲಿ ಸವೆದ ಜಾಗವನ್ನೂ ಸುತ್ತ ಎರಡು ಇಂಚನ್ನೂ ಉಜ್ಜುತ್ತೇನೆ. ಹೊಳಪು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಅಂಟು, ಹಿಡಿಯುವುದಿಲ್ಲ. ಎಪಾಕ್ಸಿಯಲ್ಲೂ ಬಾಗುವ ಜಾತಿಯದ್ದೇ ಬೇಕು, ನಾನು ಬಳಸುವುದು ಜಿ/ಫ್ಲೆಕ್ಸ್. ಮೈ ಬಾಗಿದಾಗ ಅಂಟೂ ಬಾಗದಿದ್ದರೆ ಎದ್ದು ಬರುತ್ತದೆ. ಸವೆದ ಜಾಗಕ್ಕೆ ಎಪಾಕ್ಸಿಯಲ್ಲಿ ಅಂಟಿಸುವ ಬಟ್ಟೆಯ ತೇಪೆಯ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡುತ್ತೇನೆ. ಚೂಪು ಮೂಲೆ ಇದ್ದರೆ ಕಲ್ಲು ಮೊದಲು ಅದನ್ನೇ ಕೀಳುತ್ತದೆ. ಕೊನೆಯ ಪದರಕ್ಕೆ ಒಂದಿಷ್ಟು ಗ್ರಾಫೈಟ್ ಪುಡಿ. ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಕಪ್ಪು ಪುಡಿ ಅದನ್ನು ತಡೆಯುತ್ತದೆ, ಮೂತಿಯೂ ಜಾರುತ್ತದೆ. ನೋಡಲು ಥೇಟ್ ಡಾಂಬರು ಬಳಿದ ಹಾಗೆ. ಊರಿಂದ ಬಂದಿದ್ದ ಅಪ್ಪ ಅದನ್ನು ಸವರಿ ನೋಡಿ, "ಅಷ್ಟು ದೂರ ಹೋಗಿ ಇದನ್ನ ಮಾಡ್ತೀಯೇನೋ" ಅಂದರು.

ಮರದ ಕಥೆ ಬೇರೆ. ಮೊದಲ ಚಳಿಗಾಲ ಕೆನೂವನ್ನು ಹಿತ್ತಲಲ್ಲಿ ಬೋರಲು ಹಾಕಿ ಮೇಲೆ ಟಾರ್ಪಾಲ್ ಬಿಗಿದಿದ್ದೆ. ಭದ್ರವಾಗಿದೆ ಅಂದುಕೊಂಡೆ. ಗನಲ್ ಹುಲ್ಲಿನ ಮೇಲೆ ಕೂತಿತ್ತು, ಟಾರ್ಪಾಲಿನೊಳಗೆ ಗಾಳಿ ಆಡಲಿಲ್ಲ, ತುದಿ ಕಪ್ಪಾಗಿ ಕೊಳೆಯಿತು. ಕೊಳೆತದ್ದನ್ನು ಕತ್ತರಿಸಿ ಹೊಸ ಆಶ್ ತುಂಡನ್ನು ಓರೆಯಾಗಿ ಸೇರಿಸಬೇಕಾಯಿತು. ಓರೆ ಮರದ ದಪ್ಪದ ಎಂಟರಷ್ಟು ಉದ್ದ ಇರಬೇಕು. ನಾನು ಮೂರು ತುಂಡು ಹಾಳು ಮಾಡಿ ನಾಲ್ಕನೆಯದರಲ್ಲಿ ಗೆದ್ದೆ. ಆ ಜೋಡಣೆ ಇವತ್ತಿಗೂ ಚೆನ್ನಾಗಿ ಕಾಣುವುದಿಲ್ಲ, ಆದರೆ ಬಿಟ್ಟಿಲ್ಲ.

ಆಮೇಲಿಂದ ವರ್ಷಕ್ಕೆ ಎರಡು ಸಲ ಎಣ್ಣೆ ಸ್ನಾನ. ನಯವಾದ ಸ್ಯಾಂಡ್‌ಪೇಪರ್ ಆಡಿಸಿ, ಬಾಯಿಲ್ಡ್ ಲಿನ್‌ಸೀಡ್, ಅಂದರೆ ನಮ್ಮ ಅಗಸೆ ಎಣ್ಣೆಯನ್ನೇ ಬೇಗ ಒಣಗುವ ಹಾಗೆ ಮಾಡಿದ್ದು, ಬಟ್ಟೆಯಲ್ಲಿ ತಿಕ್ಕುತ್ತೇನೆ. ಕಾಲು ಗಂಟೆ ಬಿಟ್ಟು ಮರ ಕುಡಿಯದೆ ಉಳಿದದ್ದನ್ನು ಒರೆಸಿಬಿಡಬೇಕು. ಬಿಟ್ಟರೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಜಾಸ್ತಿ ಗಮನ ಬೇಕಾದ್ದು ಮರಕ್ಕಲ್ಲ, ಒರೆಸಿದ ಬಟ್ಟೆಗೆ. ಈ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಬಟ್ಟೆ ಮುದ್ದೆ ಮಾಡಿ ಡಬ್ಬಕ್ಕೆ ಎಸೆದರೆ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಬಹುದು. ನಾನು ಒಮ್ಮೆ ಹಳೆ ಪಂಚೆಯ ಚೂರನ್ನು ಉಂಡೆ ಮಾಡಿ ಮೆಟ್ಟಿಲ ಮೇಲೆ ಇಟ್ಟು ಊಟಕ್ಕೆ ಹೋಗಿದ್ದೆ. ಬಂದು ಮುಟ್ಟಿದರೆ ಆಗ ತಾನೇ ಬೇಯಿಸಿದ ಆಲೂಗಡ್ಡೆಯ ಹಾಗೆ ಸುಡುತ್ತಿತ್ತು. ಈಗ ಒಂದೊಂದೇ ಚೂರು ಬಿಡಿಸಿ ಬೇಲಿ ಮೇಲೆ ಹರಡುತ್ತೇನೆ. ಇದೊಂದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಟೆಂಟಿನ ವಿಷಯ ಚಿಕ್ಕದು, ಆದರೆ ದುಡ್ಡು ಹೋದದ್ದು ಅದರಲ್ಲೇ ಜಾಸ್ತಿ. ಮಳೆಯಲ್ಲಿ ಸುತ್ತಿಕೊಂಡು ಬಂದ ಟೆಂಟನ್ನು ಚೀಲದಲ್ಲೇ ಮೂರು ವಾರ ಬಿಟ್ಟಿದ್ದೆ. ಬಿಚ್ಚಿದರೆ ಹುಳಿ ವಾಂತಿಯಂಥ ವಾಸನೆ. ನೆಲದ ಬಟ್ಟೆಯ ಒಳಮೈ ಕೈಗೆ ಅಂಟುತ್ತಿತ್ತು. ನೀರು ತಡೆಯಲು ಬಳಿದಿರುವ ಪಾಲಿಯುರೆಥೇನ್ ತೇವ ಹಿಡಿದರೆ ಹೀಗೆ ಒಡೆದುಹೋಗುತ್ತದೆ. ಒಮ್ಮೆ ಶುರುವಾದರೆ ಮುಗಿಯಿತು, ತೊಳೆದು ಸರಿ ಮಾಡಲು ಆಗುವುದಿಲ್ಲ. ಈಗ ಎಷ್ಟು ಸುಸ್ತಾಗಿದ್ದರೂ ಭಾನುವಾರ ರಾತ್ರಿಯೇ ಟೆಂಟನ್ನು ಗ್ಯಾರೇಜಿನ ತಂತಿಗೆ ಹಾಕುತ್ತೇನೆ. ಸೋಮವಾರ ಸಂಜೆ ಮಗ್ಗುಲು ಬದಲಾಯಿಸಿ, ಹೊಲಿಗೆಗಳನ್ನು ಮುಟ್ಟಿ ನೋಡುತ್ತೇನೆ. ಬಟ್ಟೆ ಒಣಗಿದರೂ ಹೊಲಿಗೆಯಲ್ಲಿ ಹಸಿ ಇರುತ್ತದೆ. ಆಮೇಲೆ ದೊಡ್ಡ ದಿಂಬಿನ ಕವರಿನೊಳಗೆ ಸುಮ್ನೆ ತುರುಕುತ್ತೇನೆ. ಲೈಫ್ ಜಾಕೆಟ್ಟೂ ಹಾಗೇ, ನೆರಳಲ್ಲಿ ನೇತುಹಾಕಬೇಕು. ಅದರ ಮೇಲೆ ಕೂರುವವರನ್ನು ನಾನು ಟ್ರಿಪ್ಪಿಗೆ ಕರೆಯುವುದಿಲ್ಲ.

ನೀರಿನ ಫಿಲ್ಟರ್ ಹೋದದ್ದು ಡಿಸೆಂಬರಿನಲ್ಲಿ. ಅದರೊಳಗೆ ಕೂದಲಿನಂಥ ಟೊಳ್ಳು ನಳಿಕೆಗಳಿರುತ್ತವೆ. ಉಳಿದ ನೀರು ಹೆಪ್ಪುಗಟ್ಟಿದರೆ ಅವು ಬಿರಿಯುತ್ತವೆ. ಹೊರಗಿಂದ ಏನೂ ಗೊತ್ತಾಗುವುದಿಲ್ಲ, ನೀರೂ ಬರುತ್ತದೆ, ಆದರೆ ಸೋಸುವುದಿಲ್ಲ. ಈಗ ಅದು ಚಳಿಗಾಲ ಕಳೆಯುವುದು ಮನೆಯೊಳಗೆ, ಸಾಸಿವೆ ಡಬ್ಬಿಯ ಪಕ್ಕ.

ಸ್ಟೋವಿನ ಪಾಠ ಮಾತ್ರ ಕಾಡಿನಲ್ಲೇ ಆಯಿತು. ಕೆನೂ ಲೇಕಿನಿಂದ ಹೊರಟು, ಜೋ ಲೇಕ್ ದಾಟಿ, ಟಾಮ್ ಥಾಮ್ಸನ್ ಲೇಕ್ ಸೇರಿದ್ದೆವು. ಥಾಮ್ಸನ್ ಈ ಪಾರ್ಕನ್ನು ಚಿತ್ರಿಸಿದ ಕಲಾವಿದ, 1917ರಲ್ಲಿ ಕೆನೂ ಲೇಕಿನಲ್ಲೇ ತೀರಿಕೊಂಡ. ಸಂಜೆ ಮಳೆ, ಕಟ್ಟಿಗೆಯೆಲ್ಲ ಒದ್ದೆ. ವೈಟ್ ಗ್ಯಾಸ್, ಅಂದರೆ ಪೆಟ್ರೋಲಿನಂಥ ದ್ರವ ಇಂಧನದ ಸ್ಟೋವಿನ ಪಂಪ್ ಎಷ್ಟು ಒತ್ತಿದರೂ ಗಾಳಿ ಹಿಡಿಯಲಿಲ್ಲ. ಆ ರಾತ್ರಿ ನಮ್ಮನ್ನು ಉಳಿಸಿದ್ದು ಗೊಜ್ಜವಲಕ್ಕಿ. ತಣ್ಣೀರಲ್ಲಿ ನೆನೆಸಿ ತಿಂದೆವು. ಬೆಳಿಗ್ಗೆ ಪಂಪ್ ಬಿಚ್ಚಿದರೆ ಒಳಗೆ ಪುಟ್ಟ ಚರ್ಮದ ವಾಷರ್, ಒಣಗಿ ಸುರುಟಿತ್ತು. ನೋಡಿದ ಕೂಡಲೇ ಅಜ್ಜಿಯ ಸೀಮೆಎಣ್ಣೆ ಸ್ಟೋವು ಕಣ್ಮುಂದೆ ಬಂತು. ಅದೇ ವಾಷರ್! ಸೈಕಲ್ ಪಂಪಿನಲ್ಲಿರುವುದೂ ಅದೇ ತಾನೇ. ಒಗ್ಗರಣೆಗೆ ತಂದಿದ್ದ ಕಡ್ಲೆಕಾಯಿ ಎಣ್ಣೆ ಎರಡು ಹನಿ ಬಿಟ್ಟು, ಬೆರಳಲ್ಲಿ ಅಂಚನ್ನು ಹೊರಕ್ಕೆ ಅರಳಿಸಿ ಕೂರಿಸಿದೆ. ಹತ್ತು ಸಲ ಒತ್ತುವಷ್ಟರಲ್ಲಿ ಪಂಪ್ ಗಟ್ಟಿಯಾಯಿತು. ಕಾಫಿ ಆಯಿತು. ಈಗ ಪ್ರತಿ ಟ್ರಿಪ್ಪಿನ ಹಿಂದಿನ ದಿನ ವಾಷರಿಗೆ ಎಣ್ಣೆ ಹಾಕಿ, ಹಿತ್ತಲಲ್ಲಿ ಒಮ್ಮೆ ಉರಿಸಿ ನೋಡುತ್ತೇನೆ.

ಊಟದ ಸಾಮಾನು ತುಂಬಿ ಬೆನ್ನ ಮೇಲೆ ಹೊರುವ ನೀಲಿ ಡ್ರಮ್ಮಿನ ಬಗ್ಗೆ ಒಂದು ಮಾತು. ಪಾರ್ಕಿನ ಒಳಗಡೆಗೆ ಆಹಾರದ ಟಿನ್ನು, ಗಾಜಿನ ಸೀಸೆ ಒಯ್ಯುವಂತಿಲ್ಲ. ಹಾಗಾಗಿ ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದು ಸೋರದೆ ಇರುವುದಿಲ್ಲ. ವಾಪಸ್ ಬಂದಮೇಲೆ ಮುಚ್ಚಳದ ರಬ್ಬರ್ ರಿಂಗನ್ನು ಬಿಚ್ಚಿ ಸೋಪಿನಲ್ಲಿ ತೊಳೆದು, ಡ್ರಮ್ಮನ್ನು ಬಾಯಿ ತೆರೆದೇ ಇಡಬೇಕು. ಒಂದು ವರ್ಷ ಮರೆತೆ. ಗ್ಯಾರೇಜಿನ ಇಲಿ ವಾಸನೆಗೆ ಬಂದು, ಡ್ರಮ್ ತೆಗೆಯಲು ಆಗದೆ, ಬೆನ್ನಿಗೆ ಹಾಕುವ ಪಟ್ಟಿಯನ್ನೇ ಕಡಿದು ಹಾಕಿತ್ತು.

ಹದಿನೈದು ಮೀಟರಿನ ತೇಲುವ ಹಗ್ಗ, ಸೀಟಿ, ನೀರು ಮೊಗೆಯುವ ಡಬ್ಬ ಇಲ್ಲಿ ಕಾನೂನಿನ ಪ್ರಕಾರ ದೋಣಿಯಲ್ಲಿ ಇರಲೇಬೇಕು. ಅವಕ್ಕೆ ಒಂದೇ ಚೀಲ ಮಾಡಿ ಸೀಟಿಗೆ ಕಟ್ಟಿಬಿಟ್ಟಿದ್ದೇನೆ. ಕೆರೆ ಬಿಡುವ ಮುಂಚೆ ಕೆನೂ ಬೋರಲು ಮಾಡಿ ನೀರು ಬಸಿದು, ಅಂಟಿದ ಪಾಚಿ, ಬೇರು ಕಿತ್ತು ಅಲ್ಲೇ ಬಿಡುತ್ತೇನೆ. ಒಂದು ಕೆರೆಯ ಜೀಬ್ರಾ ಮಸಲ್ (ಬೇಗ ಹರಡಿ ಕೆರೆ ಕೆಡಿಸುವ ಪುಟ್ಟ ಚಿಪ್ಪುಜೀವಿ) ಇನ್ನೊಂದಕ್ಕೆ ಹೋಗಬಾರದು ನೋಡಿ.

ಅಕ್ಟೋಬರ್ ಕೊನೆಗೆ ಕೆನೂ ಗ್ಯಾರೇಜಿನ ಚಾವಣಿ ಸೇರುತ್ತದೆ. ಬೋರಲಾಗಿ, ಎರಡು ಅಗಲ ಪಟ್ಟಿಗಳ ಮೇಲೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ. ಚಳಿಗೆ ರಾಯಲೆಕ್ಸ್ ಜಾಸ್ತಿ ಕುಗ್ಗುತ್ತದೆ, ಮರ ಅಷ್ಟು ಕುಗ್ಗುವುದಿಲ್ಲ. ಸ್ಕ್ರೂ ಬಿಗಿಯಾಗಿದ್ದರೆ ಅದರ ಸುತ್ತಲೇ ಮೈ ಸೀಳುತ್ತದೆ. ಆದ್ದರಿಂದ ಎರಡೂ ತುದಿಯ ಸ್ಕ್ರೂಗಳನ್ನು ಸಡಿಲ ಮಾಡುತ್ತೇನೆ. ಮಗ ಸ್ಟೂಲ್ ಮೇಲೆ ನಿಂತು ಎಣಿಸುತ್ತಾನೆ. ಒಂದು ವರ್ಷ ಮೇ ತಿಂಗಳಲ್ಲಿ ಅವನ್ನು ಬಿಗಿ ಮಾಡುವುದನ್ನೇ ಮರೆತು ಹೊರಟುಬಿಟ್ಟಿದ್ದೆ. ಕೆನೂ ಲೇಕಿನ ಮಧ್ಯೆ, ಹುಟ್ಟು ಹಾಕಿದಾಗಲೆಲ್ಲ ಗನಲ್ ಹಳೇ ಬಾಗಿಲಿನ ಹಾಗೆ ಕಿರ್ರ್ ಅಂದಿತು. ಅಲ್ಲಿಂದ ಮುಂದೆ ಮಗನೇ ಒಂದು ರಟ್ಟಿನ ಚೀಟಿ ಮಾಡಿ ಮುಂದಿನ ಸೀಟಿಗೆ ದಾರದಲ್ಲಿ ಕಟ್ಟಿದ್ದಾನೆ. ಅವನ ವಕ್ರ ಕನ್ನಡ ಅಕ್ಷರದಲ್ಲಿ: "ಅಪ್ಪಾ ಸ್ಕ್ರೂ."